ಕಾಸರಗೋಡಿನ ಕನ್ನಡಿಗರ ಮೊಬೈಲಿಗೆ ಸರ್ಕಾರ, ಬ್ಯಾಂಕಿನ ಮೆಸೇಜು ಯಾವ ಭಾಷೆಯಲ್ಲಿ ಬರಬೇಕು?

ಪೆರ್ಲದ ತೋಟ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ, ನಿಮ್ಮ ಕಡೆ ಹೇಗಿದೆ ಅಂತ ಹೇಳಿ.

ನನ್ನ ಅಮ್ಮ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವರು. ದಿನಾ ಪೇಪರು ಓದುತ್ತಾರೆ. ತೋಟದ ಆಳುಗಳ ಲೆಕ್ಕ ಅವರೇ ಬರೆದಿಡುತ್ತಾರೆ. ಮಲಯಾಳಂ ಮಾತಾಡಲು ತೊಂದರೆ ಇಲ್ಲ, ಆದರೆ ಓದಲು ಬರುವುದಿಲ್ಲ. ಹೋದ ಮಳೆಗಾಲದಲ್ಲಿ ಒಂದು ಸಹಾಯಧನಕ್ಕೆ ಆನ್‌ಲೈನ್ ಅರ್ಜಿ ಹಾಕಿದ್ದರು. ಕೆಲವು ದಿನ ಬಿಟ್ಟು ಮೊಬೈಲಿಗೆ ಮಲಯಾಳಂನಲ್ಲಿ ಒಂದು ಮೆಸೇಜು ಬಂತು. ಮೇಲೆ ರೀಚಾರ್ಜ್ ಆಫರು, ಕೆಳಗೆ ಚಿನ್ನದ ಅಂಗಡಿಯ ಆಫರು. ನಡುವೆ ಬಂದ ಇದೂ ಜಾಹೀರಾತೇ ಇರಬೇಕು ಅಂತ ಅಮ್ಮ ಬಿಟ್ಟುಬಿಟ್ಟರು. ನಾನು ಊರಿಗೆ ಹೋದಾಗ ಓದಿಸಿ ನೋಡಿದೆ. ‘ತೆರಿಗೆ ರಶೀದಿ ಸ್ಪಷ್ಟವಾಗಿಲ್ಲ, ಇಂಥ ದಿನದೊಳಗೆ ಮತ್ತೆ ಅಪ್‌ಲೋಡ್ ಮಾಡಿ, ಇಲ್ಲವಾದರೆ ಅರ್ಜಿ ತಿರಸ್ಕಾರ ಆಗುತ್ತದೆ’ ಅಂತ ಇತ್ತು. ಗಡುವು ಯಾವಾಗಲೋ ಮುಗಿದುಹೋಗಿತ್ತು.

ಯಾವ ಆಫೀಸು ಅಂತ ಹೇಳುವುದಿಲ್ಲ. ಅಲ್ಲಿ ಕೂತವರ ತಪ್ಪು ಅಂತಲೂ ನನಗೆ ಅನಿಸುವುದಿಲ್ಲ. ಅವರು ಒಂದು ಬಟನ್ ಒತ್ತಿದ್ದಾರೆ, ಮೆಸೇಜು ತಾನಾಗಿ ಹೋಗಿದೆ.

ನನ್ನ ಪ್ರಶ್ನೆ ಬೇರೆ. ಕೇರಳ ಸರ್ಕಾರಕ್ಕೆ ಕನ್ನಡ ಹೊಸದಲ್ಲ. ನಮ್ಮ ಕಡೆ ಮತಪತ್ರದಲ್ಲಿ ಮಲಯಾಳಂ ಜತೆ ಕನ್ನಡವೂ ಇರುತ್ತದೆ. ಪಿಎಸ್‌ಸಿ ಪರೀಕ್ಷೆಗೆ ಕನ್ನಡ ಪ್ರಶ್ನೆಪತ್ರಿಕೆ ಉಂಟು. ಕನ್ನಡ, ಮಲಯಾಳಂ ಎರಡೂ ಬಲ್ಲವರಿಗೇ ಅಂತ ಜಿಲ್ಲೆಯಲ್ಲಿ ಎಲ್‌ಡಿ ಕ್ಲರ್ಕ್ ಹುದ್ದೆ ಇದೆ. ಶಾಲಾ ಪುಸ್ತಕ ಇದೆ. 2020ರಲ್ಲಿ ಶಾಲೆ ಮುಚ್ಚಿದ್ದಾಗ ಕೇರಳ ಸರ್ಕಾರದ ‘ಫಸ್ಟ್ ಬೆಲ್’ ಆನ್‌ಲೈನ್ ಪಾಠಗಳು ಕನ್ನಡದಲ್ಲೂ ಬಂದವು, ನನ್ನ ತಂಗಿಯ ಮಗಳು ಅದನ್ನೇ ನೋಡಿ ಕಲಿತಳು. ಇಷ್ಟೆಲ್ಲ ಆಗುತ್ತದೆ ಅಂದಮೇಲೆ ಒಂದು ಎರಡು ಸಾಲಿನ ಮೆಸೇಜು ಯಾಕೆ ಆಗುವುದಿಲ್ಲ?

ಇಡೀ ವೆಬ್‌ಸೈಟು ಕನ್ನಡಕ್ಕೆ ಬರಲಿ ಅಂತ ನಾನು ಕೇಳುತ್ತಿಲ್ಲ. ಅರ್ಜಿ ಹಾಕುವಾಗ ‘ನಿಮಗೆ ಯಾವ ಭಾಷೆಯಲ್ಲಿ ತಿಳಿಸಬೇಕು’ ಅಂತ ಒಂದು ಕಾಲಂ ಸಾಕು. ಒಮ್ಮೆ ತುಂಬಿಸಿದರೆ ಆಮೇಲೆ ಬರುವುದೆಲ್ಲ ಆ ಭಾಷೆಯಲ್ಲೇ ಬರಲಿ.

ನಿವೃತ್ತ ಗುಮಾಸ್ತ

ನಾನು ಸರ್ವೀಸಿನ ಬಹುಪಾಲು ಕಾಸರಗೋಡು ತಾಲೂಕಿನಲ್ಲೇ ಕಳೆದವನು. ನೀವು ಹೇಳಿದ್ದು ನೂರಕ್ಕೆ ನೂರು ಸರಿ.

ಕಾಗದದ ಕಾಲದಲ್ಲಿ ಆಗುತ್ತಿದ್ದದ್ದು ಹೀಗೆ. ಅರ್ಜಿ ಕನ್ನಡದಲ್ಲಿ ಬರುತ್ತಿತ್ತು. ಟಪಾಲು ಸೆಕ್ಷನ್ನಿನಲ್ಲಿ ಕನ್ನಡ ಬಲ್ಲವರೊಬ್ಬರು ಇರುತ್ತಿದ್ದರು. ಅವರು ಅದರ ಸಾರವನ್ನು ಮಲಯಾಳಂನಲ್ಲೋ ಇಂಗ್ಲಿಷಿನಲ್ಲೋ ಎರಡು ಸಾಲು ಬರೆದು ಫೈಲಿಗೆ ಹಚ್ಚುತ್ತಿದ್ದರು. ಉತ್ತರ ಹೋಗುವಾಗ ಕನ್ನಡದಲ್ಲಿ ಬರೆದು ಕಳಿಸುತ್ತಿದ್ದರು. ಯಾವಾಗಲೂ ಹೀಗೇ ಆಗುತ್ತಿತ್ತು ಅಂತ ಹೇಳಲಾರೆ. ಆದರೆ ಮಾಡಲು ಒಬ್ಬ ಮನುಷ್ಯ ಅಲ್ಲಿದ್ದ. ಜನ ಕೌಂಟರಿಗೆ ಬಂದು ‘ಎಂತ ಬರೆದಿದ್ದಾರೆ ಇದರಲ್ಲಿ?’ ಅಂತ ಕೇಳಿದರೆ ಓದಿ ಹೇಳುತ್ತಿದ್ದ.

ಈಗ ಕೌಂಟರಿನ ಜಾಗದಲ್ಲಿ ಸ್ಕ್ರೀನ್ ಬಂದಿದೆ. ಕನ್ನಡ ಬಲ್ಲ ಕ್ಲರ್ಕ್ ಈಗಲೂ ಆಫೀಸಿನಲ್ಲಿದ್ದಾನೆ. ಆದರೆ ಮೆಸೇಜು ಅವನ ಕೈಯಿಂದ ಹೋಗುವುದಿಲ್ಲ, ತಿರುವನಂತಪುರದ ಸರ್ವರಿನಿಂದ ಹೋಗುತ್ತದೆ.

ಹಕ್ಕಿನ ಮಾತು ಬಂದರೆ, ಇದು ಯಾರದ್ದೋ ದಯೆಯಿಂದ ಸಿಗಬೇಕಾದದ್ದಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ. ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರ್ಕಾರಕ್ಕೆ ಬರೆಯಬಹುದು. ಭಾಷಾ ಅಲ್ಪಸಂಖ್ಯಾತ ಪ್ರದೇಶ ಅಂತ ಘೋಷಿಸಿದ ಕಡೆ ಸ್ಥಳೀಯ ಆಫೀಸುಗಳಿಗೂ ಬರೆಯಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಸಂವಿಧಾನದ 350ನೇ ವಿಧಿ ಪ್ರಕಾರ, ಕುಂದುಕೊರತೆ ಹೇಳಿಕೊಳ್ಳಲು ಆ ರಾಜ್ಯದಲ್ಲೋ ದೇಶದಲ್ಲೋ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಕೊಡಬಹುದು. ಜಿಲ್ಲೆ, ತಾಲೂಕು ಮಟ್ಟದಲ್ಲಿ ಶೇ. 15ರಷ್ಟು ಜನ ಮಾತಾಡುವ ಭಾಷೆಗೆ ಮುಖ್ಯ ನಿಯಮ, ನೋಟೀಸುಗಳನ್ನು ಅನುವಾದಿಸಿ ಪ್ರಕಟಿಸಬೇಕು ಅನ್ನುವುದು ಭಾಷಾ ಅಲ್ಪಸಂಖ್ಯಾತರಿಗೆ ಒಪ್ಪಿಕೊಂಡ ರಕ್ಷಣೆಗಳಲ್ಲಿ ಒಂದು.

‘ಉತ್ತರ’ ಅಂದರೆ ಕಾಗದದ ಉತ್ತರ ಮಾತ್ರವೇ? ಅರ್ಜಿಯ ಗತಿ ಏನಾಯಿತು ಅಂತ ತಿಳಿಸುವ ಎಸ್ಸೆಮ್ಮೆಸ್ಸೂ ಉತ್ತರವೇ. ನಾವು ಹಿಡಿದು ಕೂರಬೇಕಾದದ್ದು ಈ ಮಾತನ್ನು.

ಅಕ್ಷಯದ ಅಕ್ಕ

ನಾನು ಬದಿಯಡ್ಕ ಕಡೆ ಅಕ್ಷಯ ಕೇಂದ್ರದಲ್ಲಿ, ಅಂದರೆ ಜನರ ಪರವಾಗಿ ಆನ್‌ಲೈನ್ ಅರ್ಜಿ ಹಾಕಿಕೊಡುವ ಕಡೆ, ಕೆಲಸ ಮಾಡುತ್ತೇನೆ. ಪೆರ್ಲದಣ್ಣ, ನಿಮ್ಮ ಅಮ್ಮನಂಥವರು ನನ್ನ ಮುಂದಿನ ಕುರ್ಚಿಯಲ್ಲಿ ದಿನಾ ಕೂರುತ್ತಾರೆ.

ಭಾಷೆಯ ಜತೆ ಇನ್ನೊಂದು ಸಮಸ್ಯೆ ಉಂಟು. ಮೆಸೇಜು ಹೋಗುವುದು ಯಾರ ಫೋನಿಗೆ? ಅರ್ಧಕ್ಕರ್ಧ ಜನರಲ್ಲಿ ಆಧಾರ್‌ಗೆ ಲಿಂಕ್ ಆಗಿರುವುದು ಮಗನ ನಂಬರು. ಮಗ ದುಬೈಯಲ್ಲಿ. ಅಮ್ಮ ಇಲ್ಲಿ ಕೂತಿರುತ್ತಾರೆ, ಒಟಿಪಿ ಅಲ್ಲಿಗೆ ಹೋಗುತ್ತದೆ. ಅವನು ಡ್ಯೂಟಿಯಲ್ಲಿದ್ದರೆ ಫೋನು ಎತ್ತುವುದಿಲ್ಲ. ಒಟಿಪಿಯ ಟೈಮು ಮುಗಿಯುತ್ತದೆ. ‘ನಾಳೆ ಬನ್ನಿ ಅಮ್ಮಾ’ ಅಂತ ಹೇಳಬೇಕಾಗುತ್ತದೆ. ಅವರು ಎರಡು ಬಸ್ಸು ಹಿಡಿದು ಬಂದಿರುತ್ತಾರೆ.

ಇನ್ನು ಕೆಲವರ ಅರ್ಜಿಯಲ್ಲಿ ಅಕ್ಷಯದವರದ್ದೇ ನಂಬರು ಇರುತ್ತದೆ, ಬೇರೆ ನಂಬರು ಇಲ್ಲ ಅಂತ. ಹಾಗೆ ಮಾಡಬೇಡಿ. ನಿಮ್ಮ ಅರ್ಜಿಯ ಸುದ್ದಿ ನಿಮ್ಮ ಮನೆಗೇ ಬರಬೇಕು.

ಹೆಸರಿನ ಗೋಜಲು ಇನ್ನೂ ದೊಡ್ಡದು. ಶಾಲೆಯ ದಾಖಲೆಯಲ್ಲಿ ರಾಮಕೃಷ್ಣ. ಯಾವುದೋ ಕಾಲದಲ್ಲಿ ರೇಷನ್ ಕಾರ್ಡಿನಲ್ಲಿ ರಾಮಕೃಷ್ಣನ್ ಆಯಿತು. ಆಧಾರ್‌ನಲ್ಲಿ ರಾಮಕೃಷ್ಣ ಭಟ್. ತೆರಿಗೆ ರಶೀದಿಯಲ್ಲಿ ಇನಿಶಿಯಲ್ ಮುಂದೆ, ಪ್ಯಾನ್‌ನಲ್ಲಿ ಹಿಂದೆ. ಮನುಷ್ಯ ನೋಡಿದರೆ ಒಬ್ಬನೇ ಅಂತ ಗೊತ್ತಾಗುತ್ತದೆ. ಕಂಪ್ಯೂಟರಿಗೆ ಇವರು ಐದು ಜನ. ಪಿಎಂ ಕಿಸಾನ್ ಹಣ ನಿಂತವರಲ್ಲಿ ಇಂಥವರು ನನ್ನ ಹತ್ತಿರ ಎಷ್ಟೋ ಜನ ಬಂದಿದ್ದಾರೆ. ಆಮೇಲೆ ವಿಲ್ಲೇಜ್ ಆಫೀಸಿನಿಂದ ‘ಇಬ್ಬರೂ ಒಬ್ಬರೇ’ ಅನ್ನುವ ಸರ್ಟಿಫಿಕೇಟು ಮಾಡಿಸಬೇಕು.

ಹಾಗಾಗಿ ನನ್ನದೊಂದು ವಿನಂತಿ. ಅರ್ಜಿ ಸಬ್‌ಮಿಟ್ ಮಾಡುವ ಮೊದಲು ಸ್ಕ್ರೀನನ್ನು ನಿಮ್ಮ ಕಡೆ ತಿರುಗಿಸಿ ತೋರಿಸಲು ಹೇಳಿ. ಹೆಸರು, ಮನೆ ಹೆಸರು, ಫೋನ್ ನಂಬರು ಮೂರನ್ನೂ ನೀವೇ ಓದಿ. ನಾಚಿಕೆ ಬೇಡ. ತಿರುಗಿಸಿ ತೋರಿಸುವುದು ನಮ್ಮ ಕೆಲಸ.

ಚೆರ್ಕಳದ ನೆರೆಯವ

ನನ್ನ ಮನೆಮಾತು ಮಲಯಾಳಂ. ಕನ್ನಡ ಓದಿ ಬರೆಯಲು ಬರುತ್ತದೆ, ನಮ್ಮ ಊರಿನಲ್ಲಿ ಎರಡೂ ಬೇಕು. ಒಂದು ಮಾತು ಕೇಳುತ್ತೇನೆ, ಬೇಸರ ಮಾಡಬೇಡಿ. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರಲ್ಲಿ. ಇಷ್ಟು ವರ್ಷದಲ್ಲಿ ಮಲಯಾಳಂ ಅಕ್ಷರ ಕಲಿಯಬಹುದಿತ್ತಲ್ವಾ? ಕೊಲ್ಲಂನಿಂದ ವರ್ಗವಾಗಿ ಬಂದ ಅಧಿಕಾರಿಗೆ ಕನ್ನಡ ಓದಲು ಬಾರದಿದ್ದರೆ ಅವನೇನು ಮಾಡಬೇಕು?

ಪೆರ್ಲದ ತೋಟ

ಬೇಸರ ಇಲ್ಲ ಅಣ್ಣ. ನಮ್ಮ ಮಕ್ಕಳು ಕಲಿಯುತ್ತಿದ್ದಾರೆ, ಕಲಿಯಲಿ. ನಾನೂ ಸ್ವಲ್ಪ ಕಲಿತಿದ್ದೇನೆ. ಆದರೆ ಅಮ್ಮನ ತಲೆಮಾರಿಗೆ ಶಾಲೆಯಲ್ಲಿ ಸಿಕ್ಕಿದ್ದು ಕನ್ನಡ ಮಾತ್ರ. ಅವರು ಅನಕ್ಷರಸ್ಥರಲ್ಲ. ಚೆನ್ನಾಗಿ ಓದುವವರು. ಓದುವವರಿಗೆ ಅವರು ಓದಲಾಗದ ಲಿಪಿಯಲ್ಲಿ ನೋಟೀಸು ಕೊಟ್ಟರೆ, ಕೊಟ್ಟ ಹಾಗಾಯಿತೇ? ಮತ್ತೆ, ಕೊಲ್ಲಂನ ಅಧಿಕಾರಿ ಕನ್ನಡ ಕಲಿಯಲಿ ಅಂತ ನಾನು ಹೇಳುತ್ತಿಲ್ಲ. ಕಂಪ್ಯೂಟರಿಗೆ ಕಲಿಸಿದರೆ ಅವರಿಗೂ ತಲೆನೋವು ಕಡಿಮೆ.

ಚೆರ್ಕಳದ ನೆರೆಯವ

ಅದು ಒಪ್ಪತಕ್ಕ ಮಾತು. ನನ್ನ ಅಜ್ಜಿಗೆ ಮಲಯಾಳಂ ಓದಲು ಬರುತ್ತಿರಲಿಲ್ಲ, ಅರಬಿ ಲಿಪಿಯಲ್ಲಿ ಬರೆದ ಮಲಯಾಳಂ ಮಾತ್ರ. ಅವರ ಕಷ್ಟ ನಾನು ಕಂಡವನು.

ಕುಂಬಳೆಯಿಂದ ಬೆಂಗಳೂರಿಗೆ

ನನ್ನ ಕೆಲಸವೇ ಇದು. ಕಂಪನಿಗಳ ಪರವಾಗಿ ಎಸ್ಸೆಮ್ಮೆಸ್, ವಾಟ್ಸಾಪ್ ಮೆಸೇಜು ಕಳಿಸುವ ಸಾಫ್ಟ್‌ವೇರ್ ಬರೆಯುತ್ತೇನೆ. ಒಳಗೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ಇದು ಗೊತ್ತಿದ್ದರೆ ನಾವು ಏನು ಕೇಳಬೇಕು ಅನ್ನುವುದು ಸ್ಪಷ್ಟ ಆಗುತ್ತದೆ.

ಆಫೀಸಿನಿಂದ, ಬ್ಯಾಂಕಿನಿಂದ ಬರುವ ಮೆಸೇಜನ್ನು ಯಾರೂ ಕೂತು ಬರೆಯುವುದಿಲ್ಲ. ಮೊದಲೇ ಬರೆದಿಟ್ಟ ನಮೂನೆಗಳಿರುತ್ತವೆ. ಹೆಸರು, ನಂಬರು, ತಾರೀಕು ಬರುವ ಕಡೆ ಖಾಲಿ ಜಾಗ. ಟೆಲಿಕಾಂ ನಿಯಂತ್ರಕ ಟ್ರಾಯ್ 2018ರಲ್ಲಿ ತಂದ ನಿಯಮದ ಪ್ರಕಾರ ಈ ನಮೂನೆಗಳನ್ನು ಮೊಬೈಲ್ ಕಂಪನಿಗಳ ಡಿಎಲ್‌ಟಿ ಅನ್ನುವ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಬೇಕು. ನೋಂದಣಿ ಇಲ್ಲದ ಮೆಸೇಜು ಹೋಗುವುದೇ ಇಲ್ಲ. ಕನ್ನಡದ ನಮೂನೆಯನ್ನೂ ನೋಂದಾಯಿಸಬಹುದು, ಏನೂ ಅಡ್ಡಿ ಇಲ್ಲ.

ಅಂದರೆ ಒಂದು ಇಲಾಖೆಗೆ ಬೇಕಾದ ನಮೂನೆಗಳನ್ನು ಒಮ್ಮೆ ಕನ್ನಡಕ್ಕೆ ತಂದರೆ ಸಾಕು. ಅರ್ಜಿ ಬಂತು, ಅರ್ಜಿ ವಾಪಸ್, ದಾಖಲೆ ಬೇಕು, ಮಂಜೂರಾಯಿತು, ಹಣ ಹೋಯಿತು. ಇಷ್ಟೇ. ಪ್ರತಿ ಮೆಸೇಜಿಗೂ ಅನುವಾದಕ ಬೇಡ.

ಇನ್ನು ಖರ್ಚಿನ ಮಾತು. ಕಂಪನಿಗಳು ಇಂಗ್ಲಿಷಿಗೆ ಅಂಟಿಕೊಳ್ಳಲು ದೊಡ್ಡ ಕಾರಣ ಇದು. ಇಂಗ್ಲಿಷಿನಲ್ಲಾದರೆ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಹಿಡಿಸುತ್ತದೆ. ನಮ್ಮ ಲಿಪಿಗಳಲ್ಲಿ 70 ಮಾತ್ರ. 70 ದಾಟಿದರೆ ಮೆಸೇಜು ತುಂಡಾಗುತ್ತದೆ. ಆಗ ಒಂದೊಂದು ತುಂಡಿಗೆ 67, ಪ್ರತಿ ತುಂಡಿಗೂ ಬೇರೆ ಬಿಲ್ಲು. ಮತ್ತೆ ಕಂಪ್ಯೂಟರ್ ಅಕ್ಷರ ಎಣಿಸುವ ಕ್ರಮವೇ ಬೇರೆ. ‘ಅರ್ಜಿ’ ನಮ್ಮ ಕಣ್ಣಿಗೆ ಎರಡಕ್ಷರ. ಅದಕ್ಕೆ ಐದು. ಅ, ರ, ಹಲಂತ, ಜ, ಗುಡಿಸು.

ಆದರೆ ಒಂದು ವಿಷಯ ಗಮನಿಸಿ. ಮಲಯಾಳಂಗೂ ಲೆಕ್ಕ ಇದೇ, 70. ಮಲಯಾಳಂನಲ್ಲಿ ಕಳಿಸುತ್ತಿರುವ ಆಫೀಸಿಗೆ ಕನ್ನಡದಲ್ಲಿ ಕಳಿಸಿದರೆ ಒಂದು ಪೈಸೆಯೂ ಜಾಸ್ತಿ ಬೀಳುವುದಿಲ್ಲ. ಖರ್ಚು ಅಂತ ಯಾರಾದರೂ ಹೇಳಿದರೆ ಇದನ್ನು ತೋರಿಸಿ.

ಚಿಕ್ಕದಾಗಿ ಬರೆದರೆ ಒಂದೇ ತುಂಡಿನಲ್ಲಿ ಮುಗಿಯುತ್ತದೆ. ಪೆರ್ಲದಣ್ಣನ ಅಮ್ಮನಿಗೆ ಬಂದದ್ದನ್ನೇ ಬರೆದು ನೋಡಿದೆ:

‘ಅರ್ಜಿ ವಾಪಸ್ ಬಂದಿದೆ. ತೆರಿಗೆ ರಶೀದಿ ಮತ್ತೆ ಕೊಡಿ. ಕೊನೆ ದಿನ 20-08.’

ಎಣಿಸಿದೆ. 60. ಇನ್ನೂ ಹತ್ತು ಉಳಿಯಿತು.

ಅಕ್ಷಯದ ಅಕ್ಕ

ಇಷ್ಟು ಬಂದರೆ ಸಾಕಿತ್ತು. ‘ತಾವು ಸಲ್ಲಿಸಿದ ಅರ್ಜಿಯನ್ನು ಪರಿಶೀಲಿಸಲಾಗಿ’ ಅಂತ ಶುರು ಮಾಡುವುದೇ ಬೇಡ.

ನಿವೃತ್ತ ಗುಮಾಸ್ತ

ಅಲ್ಲಿ ನನ್ನ ಅನುಭವದ ಒಂದು ಮಾತು. ನಮೂನೆಯನ್ನು ಕನ್ನಡಕ್ಕೆ ತರುವ ಕೆಲಸ ಇಲ್ಲಿಯವರಿಗೇ ಕೊಡಬೇಕು. ಬೆಂಗಳೂರಿನ ಆಫೀಸಿನ ಕನ್ನಡ ಬೇರೆ, ನಮ್ಮ ಕಡೆ ಆಫೀಸಿನ ಮಾತು ಬೇರೆ. ನಮ್ಮವರು ತಂಡಪೇರು (ಜಮೀನಿನ ಖಾತೆ ನಂಬರು) ಅನ್ನುತ್ತಾರೆ, ವಿಲ್ಲೇಜ್ ಆಫೀಸು ಅನ್ನುತ್ತಾರೆ, ಕೃಷಿಭವನ ಅನ್ನುತ್ತಾರೆ. ವಿಲ್ಲೇಜ್ ಆಫೀಸನ್ನು ‘ಗ್ರಾಮ ಲೆಕ್ಕಾಧಿಕಾರಿ ಕಚೇರಿ’ ಅಂತ ಬರೆದರೆ ಯಾರಿಗೂ ತಲೆಬುಡ ತಿಳಿಯುವುದಿಲ್ಲ.

ಜತ್ತ ತಾಲೂಕು

ಮಹಾರಾಷ್ಟ್ರದ ಜತ್ತದಿಂದ ಬರೆಯುತ್ತಿದ್ದೇನೆ, ಸಾಂಗ್ಲಿ ಜಿಲ್ಲೆ. ನಮ್ಮಲ್ಲೂ ಇದೇ ಕಥೆ, ಮಲಯಾಳಂ ಜಾಗದಲ್ಲಿ ಮರಾಠಿ. ಆದರೆ ಒಂದು ಒಳ್ಳೆಯ ಉದಾಹರಣೆ ಕೊಡುತ್ತೇನೆ. ನಮ್ಮ ಹೊಲದ ಸಾತ್‌ಬಾರಾ ಉತಾರೆ, ಅಂದರೆ ಪಹಣಿ, ಈಗ ರಾಜ್ಯದ ಭೂ ದಾಖಲೆ ಸೈಟಾದ ಮಹಾಭೂಲೇಖ್‌ನಲ್ಲಿ ನೋಡುವಾಗ ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಉಂಟು. ಭೂ ದಾಖಲೆಗಳನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಿಗೆ ಲಿಪ್ಯಂತರ ಮಾಡುವ ಕೆಲಸವನ್ನು ಕೇಂದ್ರದ ಭೂ ಸಂಪನ್ಮೂಲ ಇಲಾಖೆ, ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಜತೆ ಕೈಗೆತ್ತಿಕೊಂಡಿತ್ತು. ಹೆಸರುಗಳು ಅಲ್ಲಲ್ಲಿ ತಪ್ಪಾಗಿ ಬರುತ್ತವೆ. ಕಾನೂನಿಗೆ ಮರಾಠಿ ಪ್ರತಿಯೇ ಬೇಕು. ಆದರೂ ನಮ್ಮ ಅಪ್ಪ ತನ್ನ ಗಟ್ ನಂಬರು, ಎಕರೆ, ಸಾಲದ ಬೋಜಾ ತಾನೇ ಓದಿಕೊಳ್ಳುತ್ತಾನೆ. ಮೊದಲು ಊರಿನ ಲೆಕ್ಕಿಗ ತಲಾಠಿ ಹೇಳಿದ್ದೇ ವೇದವಾಕ್ಯ ಆಗಿತ್ತು.

ತಾಳವಾಡಿ ಫಿರ್ಕಾ

ಈರೋಡ್ ಜಿಲ್ಲೆ ತಾಳವಾಡಿಯಿಂದ. ಇಲ್ಲಿ ಬೆಟ್ಟದ ಮೇಲಿನ ಹಳ್ಳಿಗಳಲ್ಲಿ ಮಾತು ಕನ್ನಡ. ಜಮೀನಿನ ದಾಖಲೆ ಪಟ್ಟಾ ಚಿಟ್ಟಾ ನೋಡುವ ಸೈಟಿನಲ್ಲಿ ತಮಿಳು, ಇಂಗ್ಲಿಷು ಎರಡೇ. ಇ-ಸೇವೈ ಸೆಂಟರಿನ ಹುಡುಗನೇ ನಮಗೆ ಭಾಷೆ. ನೀವು ಮನವಿ ಬರೆದರೆ ನಮಗೂ ಒಂದು ಪ್ರತಿ ಕಳಿಸಿ. ನಮ್ಮ ಕಡೆಯಿಂದಲೂ ಕೊಡುತ್ತೇವೆ.

ಸೊಸೈಟಿ ಕಾರ್ಯದರ್ಶಿ

ಸರ್ಕಾರವನ್ನೇ ಕಾಯಬೇಕಾಗಿಲ್ಲ ಅಂತ ಹೇಳಲು ಬಂದೆ. ನಾನೊಂದು ಸಣ್ಣ ಸಹಕಾರಿ ಸಂಘದಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಸದಸ್ಯರಲ್ಲಿ ಕನ್ನಡ, ಮಲಯಾಳಂ, ತುಳು, ಕೊಂಕಣಿ, ಮರಾಟಿ ಎಲ್ಲ ಇದ್ದಾರೆ. ಸಾಲದ ಕಂತಿನ ನೆನಪೋಲೆ ಮೊದಲು ಇಂಗ್ಲಿಷಿನಲ್ಲಿ ಹೋಗುತ್ತಿತ್ತು. ಮೆಸೇಜು ಹೋದ ಮರುದಿನ ಕೌಂಟರಿನ ಮುಂದೆ ಜನ. ‘ಇದು ಎಂತ ಬಂದದ್ದು?’ ಅಂತ ಕೇಳಲಿಕ್ಕೇ ಬರುತ್ತಿದ್ದರು. ಕೆಲವರು ಹೆದರಿಕೊಂಡು ಬರುತ್ತಿದ್ದರು, ಜಪ್ತಿ ನೋಟೀಸು ಅಂತ.

ಆಮೇಲೆ ಸದಸ್ಯತನದ ಫಾರಂನಲ್ಲಿ ಒಂದು ಕಾಲಂ ಸೇರಿಸಿದೆವು. ಓದುವ ಭಾಷೆ: ಕನ್ನಡ / ಮಲಯಾಳಂ / ಇಂಗ್ಲಿಷ್. ಕೆಳಗೆ ಇನ್ನೊಂದು: ಓದಲು ಕಷ್ಟವಾದರೆ ಫೋನ್ ಮಾಡಬೇಕೇ, ಹೌದು / ಇಲ್ಲ. ಹಳೆ ಸದಸ್ಯರಿಗೆ ಪಾಸ್‌ಬುಕ್ಕು ಎಂಟ್ರಿ ಮಾಡಿಸಲು ಬಂದಾಗ ಕೇಳಿ ಕೇಳಿ ತುಂಬಿಸಿದೆವು. ಸಾಫ್ಟ್‌ವೇರ್ ಕೊಟ್ಟವರು ಮೊದಲು ಆಗುವುದಿಲ್ಲ ಅಂದರು, ಒತ್ತಾಯ ಮಾಡಿದ ಮೇಲೆ ಮಾಡಿಕೊಟ್ಟರು. ಈಗ ಬರೇ ಮೆಸೇಜಿನ ಅರ್ಥ ಕೇಳಲು ಬರುವವರು ತುಂಬ ಕಡಿಮೆ. ಕಂತೂ ಹೊತ್ತಿಗೆ ಸರಿಯಾಗಿ ಬರುತ್ತದೆ.

ಆ ಎರಡನೇ ಕಾಲಂ ಮರೆಯಬೇಡಿ. ಓದಲು ಬಾರದವರೂ, ಕಣ್ಣು ಮಂಜಾದವರೂ ಇದ್ದಾರೆ. ಅವರಿಗೆ ರೆಕಾರ್ಡ್ ಮಾಡಿದ ಫೋನ್ ಕರೆ ಎಸ್ಸೆಮ್ಮೆಸ್ಸಿಗಿಂತ ಮೇಲು.

ಪೆರ್ಲದ ತೋಟ

ಸಾರ್, ಆ ಫಾರಂನ ಒಂದು ಫೋಟೊ ಹಾಕುತ್ತೀರಾ? ಮನವಿಗೆ ಲಗತ್ತಿಸಬಹುದು. ಒಂದು ಸಣ್ಣ ಸಂಘಕ್ಕೆ ಆದದ್ದು ಸರ್ಕಾರಕ್ಕೆ ಆಗುವುದಿಲ್ಲ ಅಂತ ಯಾರೂ ಹೇಳಲಾರರು.

ಸೊಸೈಟಿ ಕಾರ್ಯದರ್ಶಿ

ಸಂಘದ ಹೆಸರು ಮುಚ್ಚಿ ಹಾಕುತ್ತೇನೆ. ಅಧ್ಯಕ್ಷರ ಹತ್ತಿರ ಒಂದು ಮಾತು ಕೇಳಬೇಕು.

ಕಾನೂನು ಓದುತ್ತಿರುವೆ

ಮಂಗಳೂರಿನಲ್ಲಿ ಕಾನೂನು ಓದುತ್ತಿದ್ದೇನೆ, ಮನೆ ಮೀಂಜದಲ್ಲಿ. ಖಾಸಗಿ ಕಂಪನಿಗಳ ವಿಷಯದಲ್ಲಿ ಎರಡು ಮಾತು.

ಬ್ಯಾಂಕು: ಖಾತೆ ತೆರೆಯುವ ಫಾರಂ, ಹಣ ಕಟ್ಟುವ ಚಲನ್, ಪಾಸ್‌ಬುಕ್ಕು ಇಂಥ ಮುದ್ರಿತ ಸಾಮಗ್ರಿ ಇಂಗ್ಲಿಷ್, ಹಿಂದಿ, ಪ್ರಾದೇಶಿಕ ಭಾಷೆ ಮೂರರಲ್ಲೂ ಇರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ತೊಡಕು ಇರುವುದು ‘ಪ್ರಾದೇಶಿಕ’ ಅನ್ನುವಲ್ಲಿ. ಬ್ಯಾಂಕುಗಳು ಕೇರಳ ಅಂದರೆ ಮಲಯಾಳಂ ಅಂತ ಒಂದು ಬಟನ್ ಇಟ್ಟುಬಿಡುತ್ತವೆ. ಮಂಜೇಶ್ವರದ ಬ್ರಾಂಚಿಗೂ ಅದೇ.

ಎರಡನೆಯದು ನಮ್ಮ ಕೈಗೆ ಸಿಕ್ಕಿರುವ ಹೊಸ ಬಲ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ. ಯಾವುದೇ ಕಂಪನಿ ನಿಮ್ಮ ಮಾಹಿತಿ ತೆಗೆದುಕೊಳ್ಳಲು ನಿಮ್ಮ ಒಪ್ಪಿಗೆ ಕೇಳುವಾಗ, ಅದನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವ ಭಾಷೆಯಲ್ಲಾದರೂ ಓದುವ ಆಯ್ಕೆ ಕೊಡಬೇಕು. ಅದರ ಜತೆ ಕೊಡುವ ನೋಟೀಸಿಗೂ ಇದೇ ನಿಯಮ. ನೀವು ಯಾವ ರಾಜ್ಯದಲ್ಲಿದ್ದೀರಿ ಅಂತ ಕಾಯ್ದೆ ಕೇಳುವುದಿಲ್ಲ. ಪೆರ್ಲದಲ್ಲಿ ಕೂತವರಿಗೂ ಕನ್ನಡ ಕೇಳುವ ಹಕ್ಕು, ತಾಳವಾಡಿಯವರಿಗೂ, ಜತ್ತದವರಿಗೂ. ಇದರ ನಿಯಮಗಳು ನವೆಂಬರ್ 2025ರಲ್ಲಿ ಹೊರಬಂದವು. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳಿಗೆ 18 ತಿಂಗಳ ಸಮಯ ಕೊಟ್ಟಿದ್ದಾರೆ. ಅಂದರೆ ಈಗ ಎಲ್ಲ ಕಂಪನಿಗಳೂ ತಮ್ಮ ಆ್ಯಪು, ಫಾರಂ ತಿದ್ದುವ ಹೊತ್ತು. ಕೇಳಬೇಕಾದರೆ ಈಗಲೇ ಕೇಳಬೇಕು.

ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ನೂ ನೋಡಿ. ಸರ್ಕಾರ ತಾನಾಗಿ ಪ್ರಕಟಿಸುವ ಮಾಹಿತಿಯನ್ನು ಹಂಚುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿ ಇಡಬೇಕು ಅಂತ ಅದರಲ್ಲಿದೆ.

ವರ್ಕಾಡಿ ತುಳುವ

ಎಂಟನೇ ಪರಿಚ್ಛೇದ ಅಂದ ಕೂಡಲೇ ನಾವು ಹೊರಗೆ. ತುಳು ಅದರಲ್ಲಿಲ್ಲ. ಗೂಗಲ್ ಟ್ರಾನ್ಸ್‌ಲೇಟಿಗೆ 2024ರಲ್ಲಿ ತುಳು ಬಂತು, ತುಳು-ತಿಗಳಾರಿ ಲಿಪಿ ಅದೇ ವರ್ಷ ಯೂನಿಕೋಡಿಗೆ ಸೇರಿತು. ಸಂತೋಷವೇ. ಆದರೆ ಆಫೀಸಿನ ಯಾವ ಕಾಗದವೂ ತುಳುವಿನಲ್ಲಿ ಬರುವುದಿಲ್ಲ. ನಮ್ಮ ಮನೆಯಲ್ಲಿ ಓದು ಬರಹ ಎಲ್ಲ ಕನ್ನಡದಲ್ಲೇ. ಹಾಗಾಗಿ ಕನ್ನಡ ಮೆಸೇಜು ಬಂದರೆ ನಮಗೂ ಬಂದ ಹಾಗೆ. ಫೋನ್ ಕರೆಯ ವ್ಯವಸ್ಥೆ ಮಾಡಿದರೆ ಅಲ್ಲಿ ತುಳುವಿಗೂ ಜಾಗ ಇರಲಿ. ಮಾತಿಗೆ ಲಿಪಿಯ ತಕರಾರು ಇಲ್ಲವಲ್ಲ.

ಹೊಸಬೆಟ್ಟು ಕಡಪ್ಪುರ

ಸಹಾಯಧನ ಹೋದರೆ ಮುಂದಿನ ವರ್ಷ ಸಿಕ್ಕೀತು. ನಾನು ಹೇಳುವುದು ಜೀವದ ವಿಷಯ. ನಾವು ಕಡಲ ಕರೆಯವರು. ಮಳೆ, ಗಾಳಿ, ಕಡಲಬ್ಬರದ ಎಚ್ಚರಿಕೆ ಈಗ ಫೋನಿಗೆ ಬರುತ್ತದೆ. ಜೋರಾಗಿ ಸದ್ದು ಮಾಡುತ್ತದೆ, ತೆರೆದು ನೋಡಿದರೆ ಓದಲಾಗದವರೇ ಜಾಸ್ತಿ. ನಮ್ಮ ಜಾಗದಲ್ಲಿ ಫೋನು ಕೆಲವೊಮ್ಮೆ ತಲಪಾಡಿಯಾಚೆಯ ಕರ್ನಾಟಕದ ಟವರು ಹಿಡಿಯುತ್ತದೆ. ಎರಡು ರಾಜ್ಯದ ಮೆಸೇಜೂ ಬರುವುದುಂಟು. ಒಮ್ಮೆ ಒಂದರಲ್ಲಿ ಆರೆಂಜ್, ಇನ್ನೊಂದರಲ್ಲಿ ಯೆಲ್ಲೊ. ಯಾವುದು ನಮ್ಮದು?

ಕುಂಬಳೆಯಿಂದ ಬೆಂಗಳೂರಿಗೆ

@ಹೊಸಬೆಟ್ಟು ಕಡಪ್ಪುರ, ಅದಕ್ಕೆ ತಾಂತ್ರಿಕವಾಗಿ ದಾರಿ ಇದೆ. ದೇಶದ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ಎಚ್ಚರಿಕೆ ವ್ಯವಸ್ಥೆಯನ್ನು ಕೇಂದ್ರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್ ಕಟ್ಟಿದ್ದು. ಅದು ‘ಕ್ಯಾಪ್’ ಅನ್ನುವ ಅಂತರರಾಷ್ಟ್ರೀಯ ಮಾದರಿಯ ಮೇಲೆ ನಿಂತಿದೆ. ಆ ಮಾದರಿಯಲ್ಲಿ ಒಂದೇ ಎಚ್ಚರಿಕೆಯೊಳಗೆ ಹಲವು ಭಾಷೆಯ ಪಠ್ಯ ಇಡಬಹುದು. ಜಾಗವನ್ನು ನಕ್ಷೆಯ ಮೇಲೆ ಗೆರೆ ಹಾಕಿ ಹೇಳಬಹುದು, ಜಿಲ್ಲೆಯ ಗಡಿಗೇ ನಿಲ್ಲಬೇಕಾಗಿಲ್ಲ. ಅಂದರೆ ಮಂಜೇಶ್ವರ, ಕಾಸರಗೋಡು ತಾಲೂಕಿನ ಗೆರೆಯೊಳಗೆ ಹೋಗುವ ಎಚ್ಚರಿಕೆಯಲ್ಲಿ ಕನ್ನಡದ ಎರಡು ಸಾಲು ಸೇರಿಸಲು ಹೊಸ ಯಂತ್ರ ಏನೂ ಬೇಡ. ಸೇರಿಸಬೇಕು ಅಂತ ತೀರ್ಮಾನ ಬೇಕು.

ನಿವೃತ್ತ ಗುಮಾಸ್ತ

ಎರಡು ರಾಜ್ಯ ಅಂದಾಗ 2020ರ ಮಾರ್ಚ್ ನೆನಪಾಯಿತು. ತಲಪಾಡಿಯಲ್ಲಿ ರಸ್ತೆ ಬಂದ್. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮವರು ಇಲ್ಲೇ ಉಳಿದರು, ದಾರಿ ಸಿಗದೆ ಜೀವ ಹೋದವರೂ ಇದ್ದಾರೆ. ಆಮೇಲೆ ಪಾಸು ಬಂತು. ಕರ್ನಾಟಕಕ್ಕೆ ಹೋಗಲು ಸೇವಾ ಸಿಂಧು, ಕೇರಳಕ್ಕೆ ಬರಲು ಕೋವಿಡ್ ಜಾಗ್ರತಾ. ಒಂದೇ ಮನುಷ್ಯ, ಒಂದೇ ಪ್ರಯಾಣ, ಎರಡು ಸೈಟು. ಒಂದರಲ್ಲಿ ತುಂಬಿದ್ದು ಇನ್ನೊಂದಕ್ಕೆ ಗೊತ್ತಿಲ್ಲ. ಡಯಾಲಿಸಿಸ್‌ಗೆ ಹೋಗುವವರ ಮನೆಯವರು ಎರಡು ಫೋನು ಹಿಡಿದು ಗೇಟಿನ ಹತ್ತಿರ ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗಡಿಯ ಎರಡೂ ಕಡೆ ಒಂದೇ ಆಸ್ಪತ್ರೆ, ಒಂದೇ ಮಾರ್ಕೆಟ್ಟು ನಂಬಿ ಬದುಕುವವರು ನಾವು. ಎರಡು ಸರ್ಕಾರದ ಕಂಪ್ಯೂಟರುಗಳು ಮಾತಾಡಿಕೊಳ್ಳದಿದ್ದರೆ ನಡುವೆ ಸಿಕ್ಕಿಹಾಕಿಕೊಳ್ಳುವವರೂ ನಾವೇ.

ಅಕ್ಷಯದ ಅಕ್ಕ

ಮೋಸದ ಮೆಸೇಜಿನ ಬಗ್ಗೆಯೂ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಬರುವ ಎಲ್ಲ ಮೆಸೇಜೂ ಓದಲಾಗದ ಭಾಷೆಯಲ್ಲಿದ್ದರೆ ನಿಜ ಯಾವುದು, ಮೋಸ ಯಾವುದು ಅಂತ ಹೇಗೆ ತಿಳಿಯಬೇಕು? ವಯಸ್ಸಾದವರು ಬಂದು ‘ಬ್ಯಾಂಕಿನಿಂದ ಕನ್ನಡದಲ್ಲೇ ಫೋನು ಬಂತು, ಪಾಪ ಎಷ್ಟು ಚಂದ ಮಾತಾಡಿದರು’ ಅನ್ನುತ್ತಾರೆ. ಕಳ್ಳನಿಗೆ ನಮ್ಮ ಭಾಷೆ ಬರುತ್ತದೆ, ಎಚ್ಚರಿಕೆ ಮಾತ್ರ ನಮ್ಮ ಭಾಷೆಯಲ್ಲಿ ಬರುವುದಿಲ್ಲ. ಇದು ನನಗೆ ತುಂಬ ನೋವು ಕೊಡುವ ವಿಷಯ.

ಮನೆಯಲ್ಲಿ ಹಿರಿಯರಿಗೆ ಇದನ್ನು ಹೇಳಿಕೊಡಿ. ಕಳಿಸಿದವರ ಹೆಸರಿನ ಕೊನೆಯಲ್ಲಿ ಈಗ ಗೀಟು ಹಾಕಿ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ‘ಜಿ’ ಇದ್ದರೆ ಸರ್ಕಾರ. ‘ಪಿ’ ಇದ್ದರೆ ಜಾಹೀರಾತು. ‘ಎಸ್’ ಇದ್ದರೆ ಸೇವೆಯ ಮಾಹಿತಿ, ‘ಟಿ’ ಇದ್ದರೆ ಹಣದ ವ್ಯವಹಾರ, ಒಟಿಪಿ. ಹತ್ತು ಅಂಕಿಯ ಮಾಮೂಲಿ ನಂಬರಿನಿಂದ ‘ನಿಮ್ಮ ಕರೆಂಟು ಇವತ್ತು ರಾತ್ರಿ ಕಟ್’ ಅಂತ ಬಂದರೆ ನಂಬಲೇಬಾರದು. ದುಡ್ಡು ಹೋಗಿಬಿಟ್ಟರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ‘ಜಿ’ ಕಂಡರೆ ಎಷ್ಟು ಕಷ್ಟವಾದರೂ ಓದಿಸಿಕೊಳ್ಳಿ. ಪೆರ್ಲದಣ್ಣನ ಅಮ್ಮನಿಗೆ ಆದಂತೆ ಆಗಬಾರದು.

ಪೆರ್ಲದ ತೋಟ

ಅಕ್ಕಾ, ತುಂಬ ಉಪಕಾರ. ಅಮ್ಮನಿಗೆ ಇವತ್ತೇ ತೋರಿಸಿದೆ. ಹಳೆ ಮೆಸೇಜುಗಳನ್ನೆಲ್ಲ ತೆಗೆದು ‘ಇದು ಪಿ, ಇದು ಪಿ’ ಅಂತ ಅಳಿಸುತ್ತಾ ಕೂತಿದ್ದಾರೆ.

ಇಲ್ಲಿ ಬಂದ ಮಾತುಗಳನ್ನು ಸೇರಿಸಿ ಮನವಿಯ ಕರಡು ಬರೆದೆ. ತಪ್ಪಿದ್ದರೆ ತಿದ್ದಿ.

‘ಮಂಜೇಶ್ವರ, ಕಾಸರಗೋಡು ತಾಲೂಕುಗಳ ಭಾಷಾ ಅಲ್ಪಸಂಖ್ಯಾತ ಪ್ರದೇಶದಲ್ಲಿ ಆನ್‌ಲೈನ್ ಅರ್ಜಿ ಹಾಕುವ ಎಲ್ಲ ಕಡೆ, ಅರ್ಜಿದಾರರು ಓದುವ ಭಾಷೆ ಯಾವುದು ಅನ್ನುವ ಕಾಲಂ ಸೇರಿಸಬೇಕು. ಕನ್ನಡ ಆರಿಸಿದವರಿಗೆ ಎಸ್ಸೆಮ್ಮೆಸ್, ನೋಟೀಸು, ಬಿಲ್ಲಿನ ಮಾಹಿತಿ ಕನ್ನಡದಲ್ಲಿ ಕಳಿಸಬೇಕು. ಓದಲು ಕಷ್ಟ ಇರುವವರಿಗೆ ಫೋನ್ ಕರೆಯ ಆಯ್ಕೆ ಇರಬೇಕು. ಮೆಸೇಜಿನ ನಮೂನೆಗಳನ್ನು ಕನ್ನಡಕ್ಕೆ ತರುವಾಗ ಜಿಲ್ಲೆಯಲ್ಲೇ ಕೆಲಸ ಮಾಡುತ್ತಿರುವ ಕನ್ನಡ ಬಲ್ಲ ಸಿಬ್ಬಂದಿಯನ್ನು ಬಳಸಿಕೊಳ್ಳಬೇಕು. ಮಳೆ, ಕಡಲಬ್ಬರದ ಎಚ್ಚರಿಕೆಗಳಲ್ಲಿ ಕನ್ನಡ ಪಠ್ಯ ಕಡ್ಡಾಯವಾಗಿ ಇರಬೇಕು. ದಾಖಲೆ ಸರಿಪಡಿಸಲು ಕೊಟ್ಟ ಗಡುವು, ಅರ್ಜಿದಾರರು ಓದುವ ಭಾಷೆಯಲ್ಲಿ ತಿಳಿಸಿದ ದಿನದಿಂದ ಮಾತ್ರ ಶುರುವಾಗಬೇಕು.’

ಕಾನೂನು ಓದುತ್ತಿರುವೆ

ಕೊನೆಯ ವಾಕ್ಯ ಬಹಳ ಮುಖ್ಯ. ಅದನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಮೊದಲ ಸಾಲಿಗೆ 1969ರ ಕಾಯ್ದೆ, 350ನೇ ವಿಧಿ ಎರಡನ್ನೂ ಸೇರಿಸಿ.

ಚೆರ್ಕಳದ ನೆರೆಯವ

ಇದರ ಮಲಯಾಳಂ ಪ್ರತಿ ನಾನು ಮಾಡಿಕೊಡುತ್ತೇನೆ. ಎರಡೂ ಭಾಷೆಯಲ್ಲಿ ಕೊಟ್ಟರೆ ಮೇಲಿನ ಅಧಿಕಾರಿಗಳು ಆ ದಿನವೇ ಓದುತ್ತಾರೆ. ನನ್ನ ಸಹಿಯೂ ಇರಲಿ.

ನಿವೃತ್ತ ಗುಮಾಸ್ತ

ಜಿಲ್ಲಾಧಿಕಾರಿಗೆ ಮಾತ್ರ ಕೊಟ್ಟು ಸುಮ್ನೆ ಕೂರಬೇಡಿ. ಪಂಚಾಯತಿನ ಸೇವೆಗಳೆಲ್ಲ ಏಪ್ರಿಲ್ 2025ರಿಂದ ಕೆ-ಸ್ಮಾರ್ಟ್ ಅನ್ನುವ ಆನ್‌ಲೈನ್ ವ್ಯವಸ್ಥೆಗೆ ಬಂದಿವೆ. ಅದನ್ನು ಕಟ್ಟಿದ ಇನ್‌ಫರ್ಮೇಶನ್ ಕೇರಳ ಮಿಷನ್ನಿಗೂ ಒಂದು ಪ್ರತಿ ಹೋಗಬೇಕು, ಕಾಲಂ ಸೇರಿಸುವ ಕೈ ಅಲ್ಲಿದೆ. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ ಅದನ್ನೂ ಲಗತ್ತಿಸಿ. ಡಿಸೆಂಬರ್ 2025ರ ಚುನಾವಣೆಯಲ್ಲಿ ಗೆದ್ದ ಹೊಸ ಮೆಂಬರುಗಳಿದ್ದಾರೆ, ಅವರನ್ನು ಮುಂದೆ ಬಿಡಿ. ಎಣ್ಮಕಜೆ, ಪೈವಳಿಕೆ, ಮೀಂಜ, ವರ್ಕಾಡಿ, ಪುತ್ತಿಗೆ, ಬೆಳ್ಳೂರು, ಕುಂಬ್ಡಾಜೆ ಇಷ್ಟು ಕಡೆಯಿಂದ ಒಂದೇ ಒಕ್ಕಣೆಯ ನಿರ್ಣಯ ಹೋದರೆ ಫೈಲು ಮುಂದೆ ಚಲಿಸುತ್ತದೆ. ಕೊಟ್ಟ ಕೂಡಲೇ ಸ್ವೀಕೃತಿ ರಶೀದಿ ತೆಗೆದುಕೊಳ್ಳಿ.

ವರ್ಕಾಡಿ ತುಳುವ

ನಮ್ಮ ವಾರ್ಡ್ ಮೆಂಬರ್ ಹತ್ತಿರ ನಾಳೆಯೇ ಮಾತಾಡುತ್ತೇನೆ. ಕರಡನ್ನು ಯೂನಿಕೋಡಿನಲ್ಲಿ ಕಳಿಸಿ ಮಾರಾಯ್ರೇ. ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಿದರೆ ಪಂಚಾಯತಿನ ಕಂಪ್ಯೂಟರಿನಲ್ಲಿ ಬರೇ ಅಡ್ಡಾದಿಡ್ಡಿ ಚಿಹ್ನೆ ಕಾಣುತ್ತದೆ.

ಪೆರ್ಲದ ತೋಟ

ಯೂನಿಕೋಡಿನಲ್ಲೇ ಇದೆ. ಮೀಂಜದವರು ಹೇಳಿದ ತಿದ್ದುಪಡಿ ಹಾಕಿ ಇವತ್ತು ರಾತ್ರಿ ಇಲ್ಲೇ ಏರಿಸುತ್ತೇನೆ. ತಾಳವಾಡಿಯವರೇ, ಜತ್ತದವರೇ, ತಾಲೂಕಿನ ಹೆಸರು ಮತ್ತು ಕಾಯ್ದೆಯ ಸಾಲು ಬದಲಿಸಿಕೊಂಡರೆ ನಿಮಗೂ ಆಗುತ್ತದೆ. ಪೈವಳಿಕೆ, ಬೆಳ್ಳೂರು, ಕುಂಬ್ಡಾಜೆ ಕಡೆಯಿಂದ ಈ ತನಕ ಯಾರೂ ಬರೆದಿಲ್ಲ. ಅಲ್ಲಿಯವರು ಇದ್ದರೆ ದಯವಿಟ್ಟು ಕೆಳಗೆ ಹೇಳಿ.